ಆಟೋಪೈಲಟ್ ಈಗ ಏನು ಮಾಡುತ್ತಿದೆ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಜಕ್ಕೂರು ಕಡೆ ಓಡಾಡುವವರು ತಲೆಯ ಮೇಲೆ ಪುಟ್ಟ ವಿಮಾನ ಸುತ್ತುವುದನ್ನು ನೋಡಿರುತ್ತೀರಿ. ಮೇಲುಗಡೆ ರೆಕ್ಕೆ, ಒಂದೇ ಎಂಜಿನ್, ನಾಲ್ಕು ಸೀಟು. ಸೆಸ್ನಾ 172 ಅಂಥ ವಿಮಾನ. 1950ರ ದಶಕದಿಂದ ಈಚೆಗೆ 44,000ಕ್ಕೂ ಜಾಸ್ತಿ ತಯಾರಾಗಿವೆ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಅಲ್ಲಿನ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಿಂದ ಇದೇ ವಿಮಾನ ಹಾರಿಸುತ್ತೇನೆ. ಇದರಲ್ಲಿನ ಆಟೋಪೈಲಟ್, ಅಂದರೆ ಪೈಲಟ್ ಹೇಳಿದಂತೆ ತಾನೇ ವಿಮಾನ ಹಿಡಿದಿಡುವ ಯಂತ್ರ, ಅದನ್ನು ಬಳಸಲು ಕಲಿಯುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಇಷ್ಟು ಚಿಕ್ಕ ವಿಮಾನಕ್ಕೂ ಆಟೋಪೈಲಟ್ ಬೇಕಾ ಅಂತ ಊರಿಗೆ ಬಂದಾಗ ಕೇಳುತ್ತಾರೆ. ನನ್ನ ಪ್ರಕಾರ ಇಲ್ಲೇ ಜಾಸ್ತಿ ಬೇಕು. ದೊಡ್ಡ ವಿಮಾನದಲ್ಲಿ ಇಬ್ಬರು ಪೈಲಟ್‌ಗಳಿರುತ್ತಾರೆ. ಇಲ್ಲಿ ಒಬ್ಬರೇ ಹಾರಿಸಬೇಕು, ರೇಡಿಯೋದಲ್ಲಿ ಮಾತಾಡಬೇಕು, ನಕ್ಷೆ ನೋಡಬೇಕು. ಮೋಡದೊಳಗೆ ಹೊಕ್ಕರಂತೂ ನೆಲವೂ ಕಾಣದು, ಆಕಾಶವೂ ಕಾಣದು. ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳತೊಡಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದರು. ಉಪಕರಣ ನೋಡಿ ಹಾರಿಸಿ ಅಭ್ಯಾಸವಿಲ್ಲದ 20 ಮಂದಿಗೆ ಹೊರಗಿನದೇನೂ ಕಾಣದಂತೆ ಮಾಡಿ ಹಾರಿಸಲು ಬಿಟ್ಟರು. ಇಪ್ಪತ್ತು ಮಂದಿಯ ಕೈಯಲ್ಲೂ ವಿಮಾನ ನಿಲ್ಲಲಿಲ್ಲ. ಹಿಡಿತ ತಪ್ಪಲು ಹಿಡಿದ ಸಮಯ ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ!

ಯಂತ್ರಕ್ಕೆ ಈ ಭ್ರಮೆ ಇಲ್ಲ. ಅದು ಬಹಳ ಹಿಂದೆಯೇ ಗೊತ್ತಾದ ವಿಷಯ. 1914ರ ಜೂನ್‌ನಲ್ಲಿ ಲಾರೆನ್ಸ್ ಸ್ಪೆರ್ರಿ ಎಂಬ ಅಮೆರಿಕದ ಯುವಕ ಪ್ಯಾರಿಸ್ ಹತ್ತಿರ ಸೀನ್ ನದಿಯ ಮೇಲೆ ವಿಮಾನ ಹಾರಿಸಿ, ಜನರ ಮುಂದೆ ಎರಡೂ ಕೈ ಮೇಲೆತ್ತಿ ತೋರಿಸಿದ. ಅವನ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದು ಹೋದ. ಗೈರೋಸ್ಕೋಪ್‌ಗಳು, ಅಂದರೆ ಜೋರಾಗಿ ಸುತ್ತುತ್ತಾ ತಮ್ಮ ದಿಕ್ಕು ಬಿಡದ ಚಕ್ರಗಳು, ವಿಮಾನವನ್ನು ವಾಲದಂತೆ ಹಿಡಿದಿದ್ದವು.

ಈಗಿನ ಸೆಸ್ನಾದಲ್ಲಿ ಗಡಿಯಾರದಂಥ ಹಳೆಯ ಡಯಲ್‌ಗಳ ಜಾಗದಲ್ಲಿ ಎರಡು ಪರದೆಗಳಿವೆ. ಗಾರ್ಮಿನ್ ಕಂಪನಿಯ ಜಿ-1000 ಅನ್ನುವ ವ್ಯವಸ್ಥೆ ಅದು. ಎಡಗಡೆಯ ಪರದೆಯಲ್ಲಿ ವೇಗ, ಎತ್ತರ, ದಿಕ್ಕು, ವಿಮಾನದ ವಾಲು. ಬಲಗಡೆ ನಕ್ಷೆ ಮತ್ತು ಎಂಜಿನ್ನಿನ ಸ್ಥಿತಿ. ಹೊಸಬರ ಕಣ್ಣು ನಕ್ಷೆಯ ಕಡೆಗೇ ಹೋಗುತ್ತದೆ. ನಿಜವಾಗಿ ನೋಡಬೇಕಾದದ್ದು ಎಡಗಡೆಯ ಪರದೆಯ ಮೇಲ್ತುದಿಯ ಒಂದು ಸಾಲನ್ನು. ಆಟೋಪೈಲಟ್ ಈಗ ಮಾಡುತ್ತಿರುವ ಕೆಲಸ ಅಲ್ಲಿ ಹಸಿರು ಅಕ್ಷರದಲ್ಲಿ ಇರುತ್ತದೆ. ಮುಂದೆ ಮಾಡಲು ಕಾದಿರುವುದು ಬಿಳಿ ಅಕ್ಷರದಲ್ಲಿ. ಗುಂಡಿ ಒತ್ತಿದ್ದೇನೆ ಅನ್ನುವುದು ಲೆಕ್ಕಕ್ಕಿಲ್ಲ. ಆ ಸಾಲಿನಲ್ಲಿ ಏನು ಬಂತು ಅನ್ನುವುದೇ ಲೆಕ್ಕ. ಒಳ್ಳೆಯ ಶಿಕ್ಷಕರು ಪ್ರತಿ ಸಲ ಅದನ್ನು ಜೋರಾಗಿ ಓದಿಸುತ್ತಾರೆ. ಒಬ್ಬರೇ ಇದ್ದಾಗಲೂ ಬಾಯಿಬಿಟ್ಟು ಓದಿ ಅನ್ನುತ್ತಾರೆ.

ಮೊದಲ ಪಾಠದಲ್ಲಿ ಎರಡೇ ಕೆಲಸ ಸಾಕು. ಇದೇ ದಿಕ್ಕಿನಲ್ಲಿ ಹೋಗು, ಇದೇ ಎತ್ತರದಲ್ಲಿ ಇರು. ಜಿಪಿಎಸ್ ದಾರಿ ಹಿಡಿದು ಹೋಗುವುದು, ಮೋಡದ ನಡುವೆ ರನ್‌ವೇ ಕಡೆ ಇಳಿಯುವುದು, ಇವೆಲ್ಲ ಆಮೇಲೆ.

ನಡುವೆ ಒಂದು ಅಪಾಯದ ಜಾಗ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಿಷಕ್ಕೆ 700 ಅಡಿ ಮೇಲೇರು ಅಂತ ಆಟೋಪೈಲಟ್‌ಗೆ ಹೇಳಿದಿರಿ ಅಂದುಕೊಳ್ಳಿ. ಕೆಳಗೆ ಗಾಳಿ ದಟ್ಟ, ಸಲೀಸಾಗಿ ಏರುತ್ತದೆ. ಮೇಲೆ ಹೋದ ಹಾಗೆ ಗಾಳಿ ತೆಳುವಾಗಿ ಎಂಜಿನ್ನಿನ ಕಸುವು ಕಡಿಮೆಯಾಗುತ್ತದೆ. ಬಿಸಿಲಿದ್ದರೆ ಇನ್ನೂ ಕಷ್ಟ. ಆಟೋಪೈಲಟ್‌ಗೆ ಮಾತ್ರ 700 ಅಡಿಯೇ ಬೇಕು. ಈ ವಿಮಾನದಲ್ಲಿ ಎಂಜಿನ್ನಿನ ಕಸುವು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಅದರ ಕೈಯಲ್ಲಿಲ್ಲ, ಮೂಗು ಎತ್ತುವುದೊಂದೇ ದಾರಿ. ಎತ್ತುತ್ತದೆ, ವೇಗ ಇಳಿಯುತ್ತದೆ, ಮತ್ತೆ ಎತ್ತುತ್ತದೆ. ಪೈಲಟ್ ನಕ್ಷೆ ನೋಡುತ್ತಾ ಕೂತಿದ್ದರೆ ವಿಮಾನ ಸ್ಟಾಲ್ ಅಂಚಿಗೆ ಬಂದು ನಿಲ್ಲುತ್ತದೆ, ಅಂದರೆ ರೆಕ್ಕೆ ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುವ ಹಂತಕ್ಕೆ. ಗಾಡಿಯವನು ತೂಕಡಿಸಿದರೂ ಎತ್ತು ಹಳ್ಳ ಕಂಡರೆ ನಿಲ್ಲುತ್ತದೆ. ಆಟೋಪೈಲಟ್‌ಗೆ ಹಳ್ಳ ಅನ್ನುವುದೇ ಗೊತ್ತಿಲ್ಲ. ಅದಕ್ಕೇ ಮೇಲೇರುವಾಗ ಇಷ್ಟು ವೇಗ ಕಾಯ್ದುಕೋ ಅನ್ನುವ ಇನ್ನೊಂದು ಮೋಡ್ ಇದ್ದರೆ ಅದನ್ನೇ ಬಳಸಬೇಕು. ಕಸುವು ಸಾಲದಿದ್ದರೆ ನಿಧಾನವಾಗಿ ಏರಲಿ, ಏನಂತೆ?

ಇನ್ನೊಂದು ವಿಷಯ. ಆಟೋಪೈಲಟ್ ಚಾಲೂ ಇರುವಾಗ ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ಹಿಡಿದು ಎಳೆಯಬಾರದು. ನೀವು ಮೂಗು ಎತ್ತಲು ಎಳೆದರೆ, ಏನೋ ಮೂಗನ್ನು ಮೇಲಕ್ಕೆ ತಳ್ಳುತ್ತಿದೆ ಅಂದುಕೊಂಡು ಅದು ಟ್ರಿಮ್ ಅನ್ನು, ಅಂದರೆ ಕೈ ಹಿಡಿಯದೆಯೂ ಮೂಗು ಒಂದು ಮಟ್ಟದಲ್ಲಿ ನಿಲ್ಲುವಂತೆ ಮಾಡುವ ಸಾಧನವನ್ನು, ಕೆಳಮುಖವಾಗಿ ತಿರುಗಿಸುತ್ತಾ ಹೋಗುತ್ತದೆ. ಎಳೆದಷ್ಟೂ ಭಾರ ಜಾಸ್ತಿ. ಆ ಹೊತ್ತಿಗೆ ಬೇಕಾದದ್ದು ಯೋಕ್ ಮೇಲಿನ ಕೆಂಪು ಗುಂಡಿ. ಒತ್ತಿದರೆ ಆಟೋಪೈಲಟ್ ಬಿಡುತ್ತದೆ. ಒತ್ತಿ ಹಿಡಿದರೆ ಟ್ರಿಮ್ ಮೋಟಾರೂ ನಿಲ್ಲುತ್ತದೆ. ಟ್ರಿಮ್ ತಾನಾಗಿ ಓಡುತ್ತಿದ್ದರೆ, ಗುಂಡಿ ಹಿಡಿದುಕೊಂಡೇ ಆಟೋಪೈಲಟ್‌ನ ಸರ್ಕ್ಯೂಟ್ ಬ್ರೇಕರ್, ಅಂದರೆ ಅದರ ವಿದ್ಯುತ್ ಕಡಿಯುವ ಗುಂಡಿ, ಎಳೆಯಬೇಕು. ಇದನ್ನು ಕಣ್ಣು ಮುಚ್ಚಿ ಮಾಡುವಷ್ಟು ರೂಢಿ ಆಗಬೇಕು. ಈ ಒಂದು ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಮ್ಮಿಯೇ.

2010ರಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಪರದೆಯ ಸಣ್ಣ ವಿಮಾನಗಳನ್ನೂ ಹಳೆಯ ಡಯಲ್‌ಗಳ ವಿಮಾನಗಳನ್ನೂ ಹೋಲಿಸಿ ನೋಡಿತು. ಪರದೆ ಇದ್ದವುಗಳಲ್ಲಿ ಒಟ್ಟು ಅಪಘಾತ ಕಡಿಮೆ, ಆದರೆ ಜೀವಹಾನಿ ಆದ ಅಪಘಾತದ ಪ್ರಮಾಣ ಜಾಸ್ತಿ. ಇಂಥ ವಿಮಾನಗಳು ದೂರ ಹೋಗುತ್ತವೆ, ಮೋಡದಲ್ಲೂ ಹೋಗುತ್ತವೆ, ಅದೂ ಒಂದು ಕಾರಣ. ಆದರೂ ಆಯಾ ಉಪಕರಣಕ್ಕೆ ತಕ್ಕ ತರಬೇತಿ ಬೇಕು ಅಂತ ಮಂಡಳಿ ಒತ್ತಿ ಹೇಳಿತು. ನನಗೂ ಹಾಗೇ ಅನಿಸುತ್ತದೆ. ಸಾವಿರಾರು ಡಾಲರ್ ಉಪಕರಣಕ್ಕೆ ಹಾಕಿ, ಕಲಿಯಲು ನಾಲ್ಕು ಗಂಟೆ ಕೊಡದವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಕಲಿಯುವುದಕ್ಕೆ ಆಕಾಶವೇ ಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಓಡುವ ತರಬೇತಿ ಸಾಫ್ಟ್‌ವೇರ್ ಇದೆ. ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಹೊರಗಿನ ವಿದ್ಯುತ್ ಜೋಡಿಸಿಕೊಂಡು ಪರದೆಗಳ ಮುಂದೆ ಕೂರಬಹುದು. ಸುಮ್ನೆ ಹಚ್ಚಿಟ್ಟರೆ ಬ್ಯಾಟರಿ ಖಾಲಿ ಆಗುತ್ತದೆ. ಗುಂಡಿಗಳನ್ನು ಅಲ್ಲಿ ಕಲಿತರೆ, ಹಾರುವಾಗ ಕಣ್ಣು ಹೊರಗಡೆ ಇರುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಮಾಂಟೆರೆ ಕೊಲ್ಲಿಯ ಮೇಲೆ ಸಮುದ್ರದ ಮೋಡ ಹಾಸಿಕೊಂಡಿರುತ್ತದೆ. ಅದರೊಳಗಿಂದ ಇಳಿಯಲು ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಉಪಕರಣ ನೋಡಿಯೇ ಹಾರಿಸುವ ಅರ್ಹತೆ, ಬೇಕು. ಅಂಥ ದಿನ ನನಗೆ ಆಟೋಪೈಲಟ್ ದೊಡ್ಡ ಆಸರೆ. ರೆಕ್ಕೆ ಸಮ ಇಡುವ ಕೆಲಸ ಅದಕ್ಕೆ ಬಿಟ್ಟರೆ, ಕಂಟ್ರೋಲರ್ ಹೇಳಿದ್ದನ್ನು ಕೇಳಲು, ಮುಂದಿನದನ್ನು ಯೋಚಿಸಲು ತಲೆ ಖಾಲಿ ಇರುತ್ತದೆ. ಹಾಗಂತ ಪ್ರತಿ ಸಲ ಅದಕ್ಕೇ ಬಿಡುವುದಿಲ್ಲ. ಕೈಯಲ್ಲೇ ಹಾರಿಸಿ ಇಳಿಸುವ ಅಭ್ಯಾಸವನ್ನೂ ಉಳಿಸಿಕೊಂಡಿದ್ದೇನೆ.

ಟೇಕಾಫ್‌ಗೆ ಮುಂಚೆ ನೆಲದ ಮೇಲೇ ಒಂದು ಪರೀಕ್ಷೆ ಇದೆ. ಆಟೋಪೈಲಟ್ ಹಚ್ಚಿ, ಯೋಕ್ ತಿರುಗಿಸಿ ನೋಡಬೇಕು. ಕೈಯ ಬಲಕ್ಕೆ ಅದು ಮಣಿಯಬೇಕು. ಕೆಂಪು ಗುಂಡಿ ಒತ್ತಿದರೆ ಸದ್ದು ಮಾಡಿ ಬಿಡಬೇಕು. ಆಮೇಲೆ ಟ್ರಿಮ್ ಅನ್ನು ಟೇಕಾಫ್ ಗುರುತಿಗೆ ತಂದು ನಿಲ್ಲಿಸಬೇಕು. ಇದರಲ್ಲಿ ಯಾವುದು ಸರಿ ಇಲ್ಲದಿದ್ದರೂ ಆ ದಿನ ನಾನು ಆಟೋಪೈಲಟ್ ಮುಟ್ಟುವುದಿಲ್ಲ, ಮೋಡದೊಳಗೂ ಹೋಗುವುದಿಲ್ಲ.

ನಮಸ್ಕಾರ.