ಕಿರುನೆಲ್ಲಿ ಎಂಬ ಒಂದೇ ಹೆಸರು, ಆರು ಗಿಡ

ಸ್ನೇಹಿತರೆ,

ಕಾಮಾಲೆಗೆ ಕಿರುನೆಲ್ಲಿ ಎಂಬುದನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆ ಬಿದ್ದರೆ ಬದುವಿನ ಮೇಲೆ, ಬೇಲಿಯ ಬುಡದಲ್ಲಿ ತಾನಾಗಿಯೇ ಏಳುವ ಗಿಡ ಅದು. ಆದರೆ ಗ್ರಂಧಿಗೆ ಅಂಗಡಿಯವರು ಒಣಗಿಸಿ ಕಟ್ಟಿಕೊಡುವುದು ಯಾವ ಕಿರುನೆಲ್ಲಿ?

ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ ಅಂಗಡಿಗಳಿಂದ ಮಾದರಿ ತರಿಸಿ ಪರೀಕ್ಷಿಸಿದರು. ಅಧ್ಯಯನ ಪ್ರಕಟವಾದದ್ದು 2010ರಲ್ಲಿ. ಶೇ. 76ರಷ್ಟು ಮಾದರಿಗಳಲ್ಲಿ ಇದ್ದದ್ದು ಫಿಲ್ಲಾಂಥಸ್ ಅಮರಸ್. ಉಳಿದವುಗಳಲ್ಲಿ ಫ್ರಾಟರ್ನಸ್, ಯೂರಿನೇರಿಯಾ ಸೇರಿ ಅದೇ ಕುಲದ ಬೇರೆ ಐದು ಪ್ರಭೇದಗಳು ಸಿಕ್ಕವು.

ಇದನ್ನು ಮೋಸ ಎನ್ನಲು ನಾನು ಸಿದ್ಧನಿಲ್ಲ. ಗಿಡಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅಮರಸ್‌ನ ಹೂವಿಗೆ ಐದು ಎಸಳು, ಫ್ರಾಟರ್ನಸ್‌ನದಕ್ಕೆ ಆರು. ಯೂರಿನೇರಿಯಾದ ಕಾಯಿ ಒರಟು, ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಹೂವಿನ ಅಳತೆ ಒಂದೆರಡು ಮಿಲಿಮೀಟರ್; ಮಸೂರವಿಲ್ಲದೆ ಎಣಿಸಲಾಗದು. ಒಣಗಿಸಿ ಪುಡಿ ಮಾಡಿದ ಮೇಲೆ ಎಣಿಸುವುದಕ್ಕೆ ಏನೂ ಉಳಿಯುವುದಿಲ್ಲ. ಕೂಲಿಗೆ ಕೀಳುವವರನ್ನು ದೂರಿ ಪ್ರಯೋಜನವೇನು? ನಮ್ಮ ಸಸ್ಯಶಾಸ್ತ್ರದ ಗ್ರಂಥಗಳೇ ಇವುಗಳಲ್ಲಿ ಹಲವನ್ನು ಬಹುಕಾಲ ‘ನಿರೂರಿ’ ಎಂದು ಬರೆದುಕೊಂಡು ಬಂದವು. ನಿಜವಾದ ನಿರೂರಿ ಅಮೆರಿಕ ಖಂಡದ್ದೆಂದು ಸಸ್ಯಶಾಸ್ತ್ರಜ್ಞ ವೆಬ್‌ಸ್ಟರ್ ಬಿಡಿಸಿ ತೋರಿಸಿದ್ದು 1950ರ ದಶಕದಲ್ಲಿ.

ಪುಡಿಯಲ್ಲೂ ಡಿಎನ್‌ಎ ಉಳಿದಿರುತ್ತದೆ, ಚೂರುಚೂರಾಗಿಯಾದರೂ. ಯಾವ ಭಾಗವನ್ನು ಓದಬೇಕೆಂಬುದೇ ಇಲ್ಲಿನ ಜಾಣತನ. ದ್ಯುತಿಸಂಶ್ಲೇಷಣೆಗೆ ಅನಿವಾರ್ಯವಾದ ಆರ್‌ಬಿಸಿಎಲ್ ವಂಶವಾಹಿಯಲ್ಲಿ ತಪ್ಪಾದರೆ ಗಿಡವೇ ಬದುಕುವುದಿಲ್ಲ. ಹಾಗಾಗಿ ಅದು ನಿಧಾನವಾಗಿ ಬದಲಾಗುತ್ತದೆ, ಹತ್ತಿರದ ದಾಯಾದಿಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಬೆಂಗಳೂರಿನವರು ನೆಚ್ಚಿಕೊಂಡದ್ದು ಎಲೆಗೆ ಹಸಿರು ಕೊಡುವ ಕಣವಾದ ಕ್ಲೋರೋಪ್ಲಾಸ್ಟಿನ ಪಿಎಸ್‌ಬಿಎ, ಟಿಆರ್‌ಎನ್‌ಎಚ್ ಎಂಬ ಎರಡು ವಂಶವಾಹಿಗಳ ನಡುವಿನ ತುಣುಕನ್ನು. ಅದು ಯಾವ ಪ್ರೋಟೀನನ್ನೂ ಕಟ್ಟುವುದಿಲ್ಲ. ಅಲ್ಲಿ ಡಿಎನ್‌ಎಯ ಅಕ್ಷರ ಬದಲಾದರೂ, ಬಿಟ್ಟುಹೋದರೂ ಗಿಡಕ್ಕೆ ನಷ್ಟವಿಲ್ಲ. ಆದ್ದರಿಂದ ಪ್ರಭೇದ ಬೇರೆಯಾದ ಗುರುತು ಅಲ್ಲಿ ಬೇಗ ಜಮೆಯಾಗುತ್ತದೆ. ಹಾಗೆಂದು ಅದನ್ನೇ ಎಲ್ಲಕ್ಕೂ ನಂಬುವಂತಿಲ್ಲ. ಕ್ಲೋರೋಪ್ಲಾಸ್ಟ್ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುವಂಥದ್ದು. ಮಿಶ್ರತಳಿಯ ಗಿಡವೊಂದು ಎದುರಾದರೆ ಅದು ತಾಯಿಯ ಹೆಸರನ್ನಷ್ಟೇ ಹೇಳೀತು. ಆಗ ಕೋಶಕೇಂದ್ರದ ಡಿಎನ್‌ಎಯನ್ನೂ ಓದಬೇಕು.

ಇನ್ನು ನನ್ನ ತಕರಾರು. ಡಿಎನ್‌ಎ ಓದುವ ಯಂತ್ರ ಕೊಡುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದ ಸಾಲನ್ನು, ಹೆಸರನ್ನಲ್ಲ. ಹೆಸರು ಬರುವುದು ದತ್ತಾಂಶ ಕೋಶದಲ್ಲಿ ಮೊದಲೇ ಇರುವ ಸಾಲಿನೊಂದಿಗೆ ಹೋಲಿಸಿದಾಗ. ಆ ಸಾಲಿಗೆ ಹಿಂದೆ ಯಾರೋ ಎಸಳು ಎಣಿಸದೆ ‘ನಿರೂರಿ’ ಎಂದು ಬರೆದಿಟ್ಟಿದ್ದರೆ, ನಮ್ಮ ಗಿಡವೂ ನಿರೂರಿಯೇ ಆಗುತ್ತದೆ. ಪತ್ತೆಹಚ್ಚುವ ದಾರಿ ಒಂದೇ: ಡಿಎನ್‌ಎ ತೆಗೆದ ಅದೇ ಗಿಡದ ಒತ್ತಿ ಒಣಗಿಸಿದ ಮಾದರಿ ಯಾವುದಾದರೂ ಸಸ್ಯಾಗಾರದಲ್ಲಿ ಸಂಖ್ಯೆಸಹಿತ ಇರಬೇಕು, ಅನುಮಾನ ಬಂದವರು ಅದನ್ನು ತೆರೆದು ಎಸಳು ಎಣಿಸುವಂತಿರಬೇಕು. ಪ್ರಯೋಗಾಲಯಕ್ಕೆ ಹಣ ಕೇಳುವ ಅರ್ಜಿಯಲ್ಲಿ ಹಾಳೆ, ಕಪಾಟು ಮತ್ತು ಹೂವು ನೋಡಬಲ್ಲ ಒಬ್ಬರ ಸಂಬಳವನ್ನೂ ಸೇರಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.