ಸ್ಕ್ಯಾನ್ ಮಾಡಿದ ನಕ್ಷೆಯನ್ನು ಆಟೋಕ್ಯಾಡ್‌ನಲ್ಲಿ ಅಳತೆಗೆ ಕೂರಿಸುವುದು

ಕೇಳುಗರಿಗೆ ನಮಸ್ಕಾರ.

ಕಟ್ಟಡದ ನಕ್ಷೆ ಬರೆಯಲು ಕೂತವರ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಒಂದು ಹಳೆಯ ಕಾಗದ. ಬಡಾವಣೆ ನಕ್ಷೆಯ ಜೆರಾಕ್ಸ್ ಇರಬಹುದು, ಜಮೀನಿನ ಸರ್ವೆ ಸ್ಕೆಚ್ ಇರಬಹುದು. ಅದನ್ನು ಸ್ಕ್ಯಾನ್ ಮಾಡಿ, ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ಗೆ ತಂದು, ಮೇಲೆ ಗೆರೆ ಎಳೆಯುತ್ತೇವೆ. ಆ ಚಿತ್ರವೇ ಅಳತೆಗೆ ಕೂತಿರದಿದ್ದರೆ ಅದರ ಮೇಲೆ ಬರೆದ ಗೋಡೆ, ಸೆಟ್‌ಬ್ಯಾಕ್ ಅಂದರೆ ಕಟ್ಟಡದ ಸುತ್ತ ಬಿಡುವ ಖಾಲಿ ಜಾಗ, ಸಂಪು ಎಲ್ಲವೂ ತಪ್ಪು ಜಾಗಕ್ಕೆ ಹೋಗುತ್ತವೆ. ಮೂಲೆ ಹಿಡಿದು ಎಳೆದು ಕಣ್ಣಂದಾಜಿನಲ್ಲಿ ಹಿಗ್ಗಿಸಿದರೆ ಆಗುವ ಕೆಲಸ ಇದಲ್ಲ. ಒಂದು ಉದ್ದವಾದ, ಖಚಿತವಾಗಿ ಗೊತ್ತಿರುವ ಅಳತೆ ಕೈಯಲ್ಲಿರಲೇಬೇಕು.

ಮೊದಲು ಸ್ಕ್ಯಾನ್. ಮೊಬೈಲ್‌ನಲ್ಲಿ ತೆಗೆದ ಫೋಟೋ ಬೇಡ. ಕ್ಯಾಮೆರಾ ಸ್ವಲ್ಪ ಓರೆಯಾದರೂ ಹತ್ತಿರದ ಬದಿ ದೊಡ್ಡದಾಗಿ, ದೂರದ ಬದಿ ಚಿಕ್ಕದಾಗಿ ಬರುತ್ತದೆ. ಆ ಓರೆಯನ್ನು ಯಾವ ಸ್ಕೇಲ್ ಕಮಾಂಡೂ ಸರಿಪಡಿಸುವುದಿಲ್ಲ. ಕಾಗದದ ಮಡಿಕೆ ಬಿಡಿಸಿ, ಗಾಜಿನ ಮೇಲೆ ಚಪ್ಪಟೆಯಾಗಿಟ್ಟು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆ ಬರುವಂತೆ, ಸ್ಕ್ಯಾನ್ ಮಾಡಿಸಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಸಣ್ಣ ಅಂಕಿಗಳು ಕಲಸಿಹೋಗುತ್ತವೆ.

ಇನ್ನು ಆಟೋಕ್ಯಾಡ್. ಯೂನಿಟ್ಸ್ ಕಮಾಂಡಿನಲ್ಲಿ ಮೀಟರ್ ಇಟ್ಟುಕೊಳ್ಳಿ, ಡ್ರಾಯಿಂಗನ್ನು ಒಮ್ಮೆ ಸೇವ್ ಮಾಡಿ, ಚಿತ್ರದ ಫೈಲನ್ನೂ ಅದೇ ಫೋಲ್ಡರಿಗೆ ಹಾಕಿ. ಆಮೇಲೆ ಇಮೇಜ್‌ಅಟ್ಯಾಚ್ ಕೊಟ್ಟು, ಪಾತ್ ಟೈಪ್ ಕೇಳಿದ ಕಡೆ ರಿಲೇಟಿವ್ ಪಾತ್ (ಡ್ರಾಯಿಂಗ್ ಇರುವ ಫೋಲ್ಡರಿನಿಂದ ಲೆಕ್ಕ ಹಾಕುವ ದಾರಿ) ಆರಿಸಿ, ಸ್ಕೇಲ್ 1, ರೊಟೇಷನ್ 0 ಎಂದೇ ಒಳಗೆ ತನ್ನಿ. ತಂದ ಕೂಡಲೇ ಚಿತ್ರ ಕಾಣದಿದ್ದರೆ ಗಾಬರಿ ಬೇಡ. ಫೈಲಿನಲ್ಲಿ ರೆಸಲ್ಯೂಷನ್ ಮಾಹಿತಿ ಇದ್ದರೆ ಎ3 ಹಾಳೆ ತನ್ನ ಕಾಗದದ ಗಾತ್ರದಲ್ಲೇ, ಅಂದರೆ 0.42 ಮೀಟರ್ ಅಗಲಕ್ಕೆ ಬಂದು ಕೂರುತ್ತದೆ. ಮಾಹಿತಿ ಇಲ್ಲದಿದ್ದರೆ ಅಗಲ 1 ಯೂನಿಟ್ ಆಗುತ್ತದೆ. ಝೂಮ್ ಎಕ್ಸ್‌ಟೆಂಟ್ಸ್ ಕೊಟ್ಟರೆ ಕಾಣುತ್ತದೆ.

1:500ರ, ಅಂದರೆ ನೆಲದ 500 ಮೀಟರನ್ನು 1 ಮೀಟರಾಗಿ ಬರೆದ ನಕ್ಷೆಯಾದರೆ 500ರಿಂದ ಹಿಗ್ಗಿಸಿದರಾಯಿತಲ್ಲ ಎನಿಸಬಹುದು. ಮೂಲ ಹಾಳೆಯೇ ಸಿಕ್ಕಿದ್ದರೆ ಅದು ನಡೆದೀತು. ಆದರೆ ಜೆರಾಕ್ಸ್ ಯಂತ್ರ, "ಫಿಟ್ ಟು ಪೇಜ್" ಎಂದು ಕೊಟ್ಟ ಪ್ರಿಂಟು, ಇವೆರಡರಲ್ಲಿ ಒಂದನ್ನು ದಾಟಿ ಬಂದ ಹಾಳೆಯ ಮೇಲೆ ಬರೆದ ಸ್ಕೇಲನ್ನು ನಂಬುವಂತಿಲ್ಲ. ಅಳತೆ ಬರೆದಿರುವ ಗೆರೆಯನ್ನೇ ನಂಬಬೇಕು.

120 ಅಡಿಗೆ 80 ಅಡಿಯ ನಿವೇಶನ ಎಂದುಕೊಳ್ಳಿ. 120 ಅಡಿ ಎಂದರೆ 36.576 ಮೀಟರ್. ಆ ಬದಿಯ ಒಂದು ಮೂಲೆಗೆ ಚೆನ್ನಾಗಿ ಝೂಮ್ ಮಾಡಿ, ಇನ್ನೊಂದು ಮೂಲೆಯವರೆಗೆ ಲೈನ್ ಎಳೆಯಿರಿ. ಗೆರೆಯ ತುದಿಯನ್ನು ತಾನೇ ಹಿಡಿಯುವ ಆಬ್ಜೆಕ್ಟ್ ಸ್ನ್ಯಾಪ್ ಚಿತ್ರದೊಳಗಿನ ಗೆರೆಯನ್ನು ಹಿಡಿಯುವುದಿಲ್ಲ, ಹಾಗಾಗಿಯೇ ಈ ಲೈನ್ ಬೇಕು. ನಿವೇಶನ ಓರೆಯಾಗಿದ್ದರೆ ಎಫ್8 ಒತ್ತಿ ಆರ್ಥೋ (ನೇರ ಅಡ್ಡಕ್ಕೂ ಉದ್ದಕ್ಕೂ ಮಾತ್ರ ಗೆರೆ ಎಳೆಯಲು ಬಿಡುವ ವ್ಯವಸ್ಥೆ) ಆಫ್ ಮಾಡಿರಬೇಕು. ಸ್ಕ್ಯಾನ್ ಆದ ಗೆರೆ ಮೂರ್ನಾಲ್ಕು ಪಿಕ್ಸೆಲ್ ದಪ್ಪ ಇರುತ್ತದೆ, ಎರಡೂ ತುದಿಯಲ್ಲಿ ಅದರ ನಡುವನ್ನೇ ಹಿಡಿಯಿರಿ. ಈಗ ಸ್ಕೇಲ್ ಕಮಾಂಡ್ ಕೊಟ್ಟು ಚಿತ್ರ, ಲೈನ್ ಎರಡನ್ನೂ ಆಯ್ದು ಎಂಟರ್ ಒತ್ತಿ. ಲೈನಿನ ಒಂದು ತುದಿ ಬೇಸ್ ಪಾಯಿಂಟ್. ಆರ್ ಒತ್ತಿದರೆ ರೆಫರೆನ್ಸ್ ಕೇಳುತ್ತದೆ. ಅದೇ ತುದಿ, ಆಮೇಲೆ ಇನ್ನೊಂದು ತುದಿ ಒತ್ತಿ, 36.576 ಎಂದು ಟೈಪ್ ಮಾಡಿ. ಎಷ್ಟು ಪಟ್ಟು ಎಂಬ ಲೆಕ್ಕವನ್ನು ಆಟೋಕ್ಯಾಡ್ ತಾನೇ ಮಾಡಿಕೊಳ್ಳುತ್ತದೆ. ಅಡಿಯಲ್ಲಿ ಕೆಲಸ ಮಾಡುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಆರ್ಕಿಟೆಕ್ಚರಲ್ ಯೂನಿಟ್ಸ್‌ನಲ್ಲಿ ಬರೀ 120 ಎಂದರೆ 120 ಇಂಚು. ಅಡಿಯ ಗುರುತು ಹಾಕಲೇಬೇಕು.

ಉದ್ದದ ಗೆರೆಯೇ ಯಾಕೆ? 1:500ರ ಹಾಳೆಯಲ್ಲಿ, 300 ಡಿಪಿಐ ಸ್ಕ್ಯಾನಿನ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 4.2 ಸೆಂಟಿಮೀಟರ್. ಕೈ ಎರಡು ಪಿಕ್ಸೆಲ್ ಅತ್ತಿತ್ತ ಆದರೆ ಎಂಟೂವರೆ ಸೆಂಟಿಮೀಟರ್ ತಪ್ಪು. ಅದು 120 ಅಡಿಯ ಬದಿಯಲ್ಲಾದರೆ ಶೇಕಡಾ ಕಾಲು ಭಾಗವೂ ಅಲ್ಲ. ಅದೇ ತಪ್ಪು 10 ಅಡಿಯ ಗೇಟಿನ ಅಳತೆ ಹಿಡಿದಾಗ ಆದರೆ ಶೇಕಡಾ 2.8, ಇಡೀ ನಿವೇಶನಕ್ಕೆ ಹೋದಾಗ ಒಂದು ಮೀಟರ್ ಎಡವಟ್ಟು.

ಒಂದು ಬದಿ ಕೂತಿತೆಂದು ಅಲ್ಲಿಗೇ ಬಿಡಬೇಡಿ. ಡಿಸ್ಟ್ ಕಮಾಂಡಿನಿಂದ ಅಡ್ಡ ಬದಿಯನ್ನೂ ಅಳೆಯಿರಿ. 80 ಅಡಿ ಎಂದರೆ 24.384 ಬರಬೇಕು. 24.02 ಬಂದರೆ ಶೇಕಡಾ ಒಂದೂವರೆ ಕಡಿಮೆ: ಕಾಗದ ಒಂದು ದಿಕ್ಕಿಗೆ ಎಳೆದಿದೆ, ಇಲ್ಲವೇ ಸ್ಕ್ಯಾನರಿನಲ್ಲಿ ಜಾರಿದೆ. ಮತ್ತೆ ಸ್ಕ್ಯಾನ್ ಮಾಡಿಸುವುದೇ ಒಳ್ಳೆಯದು. ಆಗದೇ ಹೋದರೆ ಚಿತ್ರವನ್ನು ಬ್ಲಾಕ್ (ಹೆಸರಿಟ್ಟು ಒಂದೇ ವಸ್ತುವಾಗಿ ಉಳಿಸಿದ್ದು) ಆಗಿ ಮಾಡಿ, ಎಕ್ಸ್‌ಗೂ ವೈಗೂ ಬೇರೆ ಬೇರೆ ಸ್ಕೇಲ್ ಕೊಟ್ಟು ಇನ್ಸರ್ಟ್ ಮಾಡಬಹುದು. ಅದಕ್ಕೆ ಮುಂಚೆ ಚಿತ್ರವನ್ನು ತಿರುಗಿಸಿ ಬದಿಗಳನ್ನು ನೆಟ್ಟಗೆ ತಂದಿರಬೇಕು.

ಜಮೀನಿನ ಸ್ಕೆಚ್ ಆದರೆ ಇನ್ನೊಂದು ತಾಳೆ ಇದೆ, ಪಹಣಿಯದು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರಡಿ. 1 ಎಕರೆ 10 ಗುಂಟೆಯ ಹಿಡುವಳಿ ಸುಮಾರು 5058 ಚದರ ಮೀಟರ್ ಬರಬೇಕು. ಗಡಿ ಎಳೆದು ಏರಿಯಾ ಕಮಾಂಡ್ ಕೊಟ್ಟು ನೋಡಿ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಸೇರಿಸಿದ ಒಟ್ಟು ವಿಸ್ತೀರ್ಣಕ್ಕೆ ಹೋಲಿಸಬೇಕು, ಇಲ್ಲದಿದ್ದರೆ ತಾಳೆಯಾಗದು. ಉದ್ದದಲ್ಲಿ ಶೇಕಡಾ ಒಂದು ತಪ್ಪಿದರೆ ವಿಸ್ತೀರ್ಣದಲ್ಲಿ ಶೇಕಡಾ ಎರಡು ತಪ್ಪುತ್ತದೆ. ಈ ಜಮೀನಿನಲ್ಲಿ ಅದು ಪೂರಾ ಒಂದು ಗುಂಟೆ.

ಒಂದು ಇಂಚಿಗೆ 660 ಅಡಿಯ ಹಳೆಯ ಗ್ರಾಮ ನಕಾಶೆಗಳನ್ನೂ ಹೀಗೆ ಕೂರಿಸುವವರಿದ್ದಾರೆ. ಅಲ್ಲಿ 0.3 ಮಿಲಿಮೀಟರ್ ಗೆರೆಯ ದಪ್ಪವೇ ನೆಲದಲ್ಲಿ ಎಂಟು ಅಡಿ ಹತ್ತಿರ. ಯಾವ ಸರ್ವೆ ನಂಬರು ಎಲ್ಲಿದೆ, ಹಳ್ಳ ಯಾವ ಕಡೆ ಎಂದು ತಿಳಿಯಲು ಅದು ಸಾಕು. ಬೇಲಿ ಹಾಕುವ ಗಡಿಯನ್ನು ಅದರಿಂದ ಎಳೆಯಬಾರದು.

ಅಳತೆ ಕೂತ ಮೇಲೆ ಚಿತ್ರವನ್ನು ಅದರದೇ ಲೇಯರಿಗೆ (ಪದರಕ್ಕೆ) ಹಾಕಿ, ಡ್ರಾಆರ್ಡರ್‌ನಲ್ಲಿ ಹಿಂದಕ್ಕೆ ಕಳಿಸಿ. ಇಮೇಜ್‌ಫ್ರೇಮ್ 2 ಇಟ್ಟರೆ ಚೌಕಟ್ಟು ಪರದೆಯಲ್ಲಿ ಕಾಣುತ್ತದೆ, ಪ್ರಿಂಟಿಗೆ ಬರುವುದಿಲ್ಲ. ಬೇಡದ ಅಂಚನ್ನು ಇಮೇಜ್‌ಕ್ಲಿಪ್‌ನಿಂದ ಮರೆಮಾಡಿ, ಆಮೇಲೆ ಲೇಯರನ್ನು ಲಾಕ್ ಮಾಡಿ. ಮೂಲ ಫೈಲನ್ನು ಬೇರೆ ತಂತ್ರಾಂಶದಲ್ಲಿ ಕತ್ತರಿಸಲು ಹೋಗಬೇಡಿ. ಡ್ರಾಯಿಂಗಿನೊಳಗೆ ಇರುವುದು ಚಿತ್ರದ ದಾರಿ ಮಾತ್ರ, ಚಿತ್ರವಲ್ಲ. ಬರೀ ಡ್ರಾಯಿಂಗ್ ಫೈಲು ಕಳಿಸಿದರೆ ಎದುರಿನವರಿಗೆ ಚಿತ್ರದ ಜಾಗದಲ್ಲಿ ಫೈಲಿನ ಹೆಸರಷ್ಟೇ ಕಾಣುತ್ತದೆ. ಇ-ಟ್ರಾನ್ಸ್‌ಮಿಟ್ ಕೊಟ್ಟು, ಎರಡನ್ನೂ ಒಂದೇ ಜಿಪ್ ಮಾಡಿ ಕಳಿಸಿ.

ನಮಸ್ಕಾರ.