ಕೈ ಎತ್ತಲು ಬಾರದ ಕುಬಸ, ಮೂರು ತಾಸಿನ ಸಿನಿಮಾ

ಇದು ನಮ್ಮ ಊಟದ ಮೇಜು. ಮೇಲಿರುವ ನೀಲಿ ಬಟ್ಟೆ ಒಂದು ಕಾಲಕ್ಕೆ ಖಣದ ಕುಬಸವಾಗಿತ್ತು. ಖಣ ಎಂದರೆ ಕುಬಸಕ್ಕೆಂದೇ ನೇಯುವ ಬಟ್ಟೆ, ಕುಬಸ ಎಂದರೆ ರವಿಕೆ. ಈಗ ಅದರ ಹೊಲಿಗೆ ಬಿಚ್ಚುತ್ತಿದ್ದೇನೆ. ಮೊದಲ ಹತ್ತು ನಿಮಿಷ ಬ್ಲೇಡಿನಿಂದ ಬಿಚ್ಚಿದ್ದೆ. ಆ ಭಾಗವನ್ನು ತೋರಿಸುತ್ತಿಲ್ಲ, ಯಾಕೆಂದರೆ ಅವ್ವ ಈ ಚಾನೆಲ್ ನೋಡುತ್ತಾಳೆ.

ಹೊಸ ಸಿನಿಮಾಗಳ ಬಗ್ಗೆ, ತಾರೆಯರ ಉಡುಗೆಯ ಬಗ್ಗೆ ಒಂದು ಸಲ ಮಾತಾಡಿ ಎಂದು ನೀವು ಕೇಳುತ್ತಲೇ ಇದ್ದೀರಿ. ಕ್ಯಾಮೆರಾದ ಮುಂದೆ ಸುಮ್ಮನೆ ಕುಳಿತು ಮಾತಾಡಲು ನನಗೆ ಬರುವುದಿಲ್ಲ, ಕೈಗೊಂದು ಕೆಲಸ ಬೇಕು. ಈ ಕುಬಸವೇ ಸರಿ ಎನಿಸಿತು. ಇದು ಹುಟ್ಟಿದ್ದು ಸಿನಿಮಾದ ನೆಪದಲ್ಲಿ, ಹರಿದದ್ದು ಸಿನಿಮಾ ಥಿಯೇಟರಿನಲ್ಲಿ.

2025ರ ಅಕ್ಟೋಬರ್ 2ಕ್ಕೆ ‘ಕಾಂತಾರ: ಅಧ್ಯಾಯ 1’ ಬಿಡುಗಡೆಯಾಯಿತಲ್ಲ, ಅಂದೇ ವಿಜಯದಶಮಿ. ಬೆಳಿಗ್ಗೆ ಬನ್ನಿ ಕೊಡುವುದು, ಸಂಜೆ ಸಿನಿಮಾ, ಎರಡಕ್ಕೂ ಒಂದೇ ಸೀರೆ ಎಂದು ಲೆಕ್ಕ ಹಾಕಿದ್ದೆ. ಸೀರೆ ಇತ್ತು. ಇಳಕಲ್ಲಿನದು, ಗೋಮಿ ಎಂಬ ನಮೂನೆಯ ದಡಿ, ಕೆಂಪು ಸೆರಗು. ಖಣವನ್ನು ನನ್ನ ತಂಗಿ ಗುಳೇದಗುಡ್ಡದಿಂದ ತಂದುಕೊಟ್ಟಿದ್ದಳು. ಇಷ್ಟಕ್ಕೆ ಸುಮ್ಮನಿದ್ದು ಹಳೆಯ ಅಳತೆಯ ಕುಬಸ ಕೊಟ್ಟು ಬಂದಿದ್ದರೆ ಈ ವ್ಲಾಗ್ ಇರುತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ಒಬ್ಬ ನಟಿಯ ಫೋಟೊ ತೋರಿಸಿದೆ. ಯಾರು ಎಂದು ಹೇಳುವುದಿಲ್ಲ, ಪಾಪ, ಅವಳದೇನೂ ತಪ್ಪಿಲ್ಲ. ಮೊಣಕೈವರೆಗೆ ಬಿಗಿಯಾದ ತೋಳು, ಕಂಕುಳಿನ ಬಳಿ ಒಂದು ಸುಕ್ಕೂ ಇಲ್ಲ, ಬೆನ್ನ ಮೇಲೆ ಎರಡು ಗೊಂಡೆ.

ಟೇಲರ್ ಮಾಸ್ತರರು ಕನ್ನಡಕ ಏರಿಸಿ ಫೋಟೊವನ್ನು ಹಿಗ್ಗಿಸಿ ನೋಡಿದರು. “ಅಕ್ಕಾರೆ, ಇದನ್ನು ಹಾಕಿಕೊಂಡು ಇವರು ಏನು ಮಾಡುತ್ತಾರೆ?” ಎಂದು ಕೇಳಿದರು. “ಏನೂ ಮಾಡುವುದಿಲ್ಲ, ನಿಲ್ಲುತ್ತಾರೆ” ಎಂದೆ. ಆ ಮಾತಿನಲ್ಲೇ ಎಲ್ಲವೂ ಇತ್ತು. ನನಗೇ ತಿಳಿಯಲಿಲ್ಲ.

ಇಗೋ, ಇದು ರಸೀದಿ. ಜೂಮ್ ಮಾಡಿದ್ದೇನೆ, ನೋಡಿಕೊಳ್ಳಿ. ಒಟ್ಟು 1,850 ರೂಪಾಯಿ. ನನ್ನ ಸಾದಾ ಕುಬಸಕ್ಕೆ ಇವರೇ 350 ತೆಗೆದುಕೊಳ್ಳುತ್ತಾರೆ. ಲೈನಿಂಗ್‌ಗೆ ಬೇರೆ, ಪೈಪಿಂಗ್‌ಗೆ ಬೇರೆ, ಪ್ಯಾಡಿಗೆ ಬೇರೆ, ಅದೆಲ್ಲ ಒಪ್ಪಿದೆ. ಕೊನೆಯ ಸಾಲು ನೋಡಿ: ಗೊಂಡೆ, 150. ಎರಡು ಗೊಂಡೆಗೆ ನೂರೈವತ್ತು! ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಾನೂ ಅವ್ವನೂ ಹೊಟ್ಟೆ ತುಂಬ ಗಿರ್ಮಿಟ್ಟು, ಮಿರ್ಚಿ ತಿಂದು ಚಹಾ ಕುಡಿದರೂ ಅಷ್ಟಾಗುವುದಿಲ್ಲ. ನೂಲು, ಒಂದು ಮಣಿ, ಒಂದು ಗಂಟು. ಕೇಳಿದ್ದಕ್ಕೆ, “ಫೋಟೊದಲ್ಲಿ ಇತ್ತಲ್ಲ ಅಕ್ಕಾರೆ” ಎಂದರು.

ಅದೇ ದಿನಗಳಲ್ಲಿ ಟಿಕೆಟ್ ದರದ ಗಲಾಟೆಯೂ ನಡೆದಿತ್ತು, ನೆನಪಿರಬಹುದು. ಸೆಪ್ಟೆಂಬರ್ 12ರಂದು ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ಟಿಕೆಟ್ ಇರಬಾರದು ಎಂದು ಆದೇಶ ಹೊರಡಿಸಿತು. ನಾನು ಖುಷಿಯಿಂದ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವ ಲೆಕ್ಕ ಹಾಕಿದೆ. 23ರಂದು ಹೈಕೋರ್ಟ್ ತಡೆ ಕೊಟ್ಟಿತು. ಮನೆಮಂದಿಯೆಲ್ಲ ಎಂಬುದು ನಾನು, ಅವ್ವ ಎಂದಾಯಿತು. ಸಣ್ಣ ಥಿಯೇಟರಿನವರಿಗೂ ನಿರ್ಮಾಪಕರಿಗೂ ಅವರವರ ಕಷ್ಟ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮಿತಿ ಬೇಕು ಎಂಬ ಪಕ್ಷದವಳು ನಾನು. ಟಿಕೆಟ್ಟಿಗೆ ಹಾಕುವಾಗ ಗೊಂಡೆಗೂ ಹಾಕಲಿ.

ಅಯ್ಯೋ, ಈ ಶಾಟ್ ಮುಗಿಯುತ್ತಿದೆ. ತೋಳು ಬಿಚ್ಚಿಯಾಯಿತು, ನೀವೇ ನೋಡಿದಿರಿ.

ಎಲ್ಲಿದ್ದೆ? ಹಾಂ, ಕುಬಸ ಕೈಗೆ ಬಂದದ್ದು ಖಂಡೇನವಮಿಯ ಸಂಜೆ. ಅಂಗಡಿಯಲ್ಲೇ ಹಾಕಿ ನೋಡಿದೆ. ಕೈ ಹೆಗಲಿನ ಮಟ್ಟದವರೆಗೆ ಬಂದು ನಿಂತಿತು. ಮೇಲೆ ಹೋಗಲೊಲ್ಲದು. “ಮಾಸ್ತರರೇ, ಕಂಕುಳಲ್ಲಿ ಸ್ವಲ್ಪ ಬಿಡಿಸಿ ಕೊಡಿ, ಐದು ನಿಮಿಷದ ಕೆಲಸ” ಎಂದೆ. ಅವರು ಮಾತಾಡದೆ ಮಷೀನಿನ ಕಡೆ ತೋರಿಸಿದರು. ಅದಕ್ಕೆ ಚೆಂಡು ಹೂವಿನ ಮಾಲೆ, ವಿಭೂತಿ, ಕುಂಕುಮ. ಕತ್ತರಿಯೂ ಟೇಪೂ ಬಾಳೆಲೆಯ ಮೇಲೆ ಮಲಗಿದ್ದವು. “ಪೂಜೆ ಆಗಿಬಿಟ್ಟಿದೆ ಅಕ್ಕಾರೆ. ಇನ್ನು ಹಬ್ಬ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ.” ಮಷೀನು ದೇವರಾಗಿ ಕುಳಿತ ಮೇಲೆ ನಾನು ಯಾರೊಂದಿಗೆ ಜಗಳವಾಡಲಿ? ಮರಮರ ಎನ್ನುತ್ತ ಪ್ರಸಾದದ ಚುರುಮುರಿ ತಿಂದು ಬಂದೆ.

ಇದು ಅಂದಿನ ವಿಡಿಯೊ, ಥಿಯೇಟರಿನ ಹೊರಗೆ. ಎಲ್ಲರೂ ನಾನು ಚೆನ್ನಾಗಿ ಕಾಣುತ್ತಿದ್ದೇನೆ ಎಂದರು. ಕಾಣುತ್ತಿದ್ದೆ, ನಿಜ. ಗೊಂಬೆಗಳೂ ಚೆನ್ನಾಗಿ ಕಾಣುತ್ತವೆ.

ಈಗ ಸಿನಿಮಾ. ಮೊದಲರ್ಧವನ್ನು ಎಳೆದಿದ್ದಾರೆ, ನಗಿಸುವ ದೃಶ್ಯಗಳು ಬೇಡವಾಗಿದ್ದವು, ಯುದ್ಧದಲ್ಲಿ ಸದ್ದು ಹೆಚ್ಚು ಎಂದು ಅಂದು ರಾತ್ರಿಯೇ ನಾನು ಸ್ಟೋರಿ ಹಾಕಿದ್ದೆ. ನಿಮ್ಮಲ್ಲಿ ಬಹಳ ಜನ ಬೈದಿರಿ. ಆ ತಿಂಗಳ ಕೊನೆಗೆ ಅದು ಓಟಿಟಿಗೆ ಬಂದಾಗ ಮನೆಯಲ್ಲಿ ನೈಟಿ ಹಾಕಿಕೊಂಡು, ಕಾಲು ಚಾಚಿ, ಮತ್ತೊಮ್ಮೆ ನೋಡಿದೆ. ಮೊದಲರ್ಧ ಎಲ್ಲಿಯೂ ಎಳೆದಿರಲಿಲ್ಲ. ನಗಿಸುವ ದೃಶ್ಯಕ್ಕೆ ನಕ್ಕೆ. ಎಳೆದದ್ದು ಕಂಕುಳಿನ ಹೊಲಿಗೆ. ಹಾಗಾಗಿ ಅಂದಿನ ವಿಮರ್ಶೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸದ್ದಿನ ಮಾತನ್ನು ಮಾತ್ರ ಬಿಡುವುದಿಲ್ಲ.

ಉಡುಗೆಯ ವಿಷಯಕ್ಕೆ ಬಂದರೆ, ಎರಡೂ ‘ಕಾಂತಾರ’ಗಳ ವಸ್ತ್ರವಿನ್ಯಾಸ ಪ್ರಗತಿ ಶೆಟ್ಟಿಯವರದು. ಈ ಸಲ ಕದಂಬರ ಕಾಲದ ಕಥೆ. ಕಾಡಿನ ಜನರ ಬಟ್ಟೆ ಮೈಗೆ ಅಂಟಿಕೊಂಡ ಮಣ್ಣಿನ ಹಾಗಿದೆ. ಓಡುತ್ತಾರೆ, ಬೀಳುತ್ತಾರೆ, ಬಟ್ಟೆಯೂ ಅವರ ಜೊತೆಗೆ ಬೀಳುತ್ತದೆ. ರಾಜಕುಮಾರಿ ಕನಕವತಿಯ ಉಡುಗೆ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ರುಕ್ಮಿಣಿ ವಸಂತ್ ಬಹಳ ಚೆನ್ನಾಗಿ ಕಾಣುತ್ತಾರೆ, ಅದು ಬೇರೆ ಮಾತು. ಆದರೆ ಅರಮನೆ ಬಂದಾಗಲೆಲ್ಲ ನನಗೆ ಮದುವೆ ಹಾಲ್ ನೆನಪಾಗುತ್ತಿತ್ತು. 2023ರ ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲಿ ಅದೇ ರುಕ್ಮಿಣಿ ಪ್ರಿಯಾ ಆಗಿ ಸಾದಾ ಬಟ್ಟೆಯಲ್ಲಿ ಬಂದು ನಿಂತರೆ ಸಾಕಿತ್ತು, ಗಂಟಲು ಕಟ್ಟುತ್ತಿತ್ತು. ಅವರಿಗೆ ಒಡವೆ ಬೇಡ.

ಇನ್ನೊಂದು ಮಾತು, ಇದನ್ನು ತಮಾಷೆಗೆ ಹೇಳುತ್ತಿಲ್ಲ. ಸಿನಿಮಾ ಓಡುತ್ತಿದ್ದಾಗ ಕೆಲವರು ದೈವದ ಹಾಗೆ ವೇಷ ಹಾಕಿಕೊಂಡು ಥಿಯೇಟರಿಗೆ ಬಂದು ಕುಣಿದರು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ತುಳುನಾಡಿನಲ್ಲಿ ಅದನ್ನು ಕಟ್ಟುವವರು ಉಪವಾಸ, ಕಟ್ಟುಪಾಡು ಪಾಲಿಸಿ, ತಲೆತಲಾಂತರದಿಂದ ಆ ಸೇವೆ ಮಾಡಿಕೊಂಡು ಬಂದವರು. ಯಶ್ ನೋಡಿ ಗಡ್ಡ ಬಿಡಿ, ವಿಷ್ಣುವರ್ಧನ್ ನೋಡಿ ಕಡಗ ಹಾಕಿ, ನಮ್ಮ ಕಾಕಾ ಇಂದಿಗೂ ಹಾಕುತ್ತಾರೆ, ನನ್ನ ತಕರಾರಿಲ್ಲ. ದೈವದ್ದು ಮಾತ್ರ ಬಾಡಿಗೆಗೆ ತರುವ ವೇಷವಲ್ಲ.

ಮಧ್ಯಂತರದಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ನೀರಿನ ಬಾಟಲಿ ಕಾಲಿನ ಕೆಳಗೆ ಉರುಳಿತು. ಬಗ್ಗಿ ಕೈ ಚಾಚಿದೆ. ಚರ್ರ್ ಎಂದಿತು. ಮುಂದಿನ ಸಾಲಿನವರು ತಿರುಗಿ ನೋಡಿದರು ಎಂದರೆ ಸದ್ದು ಎಷ್ಟಿತ್ತು ನೋಡಿ. ಬಲಗಡೆ ಕಂಕುಳಿನಿಂದ ನಾಲ್ಕು ಬೆರಳು ಉದ್ದ ಬಿಟ್ಟುಕೊಂಡಿತ್ತು. ಅವ್ವ ತೆರೆಯಿಂದ ಕಣ್ಣು ತೆಗೆಯದೆ ನನ್ನ ಸೆರಗನ್ನು ಎಳೆದು ಹೊದಿಸಿ, “ಸೆರಗು ಇರುವುದೇ ಇದಕ್ಕವ್ವಾ” ಎಂದಳು. ಉಳಿದ ಸಿನಿಮಾವನ್ನು ನಾನು ಮುದುಕಿಯ ಹಾಗೆ ಎರಡೂ ಹೆಗಲು ಹೊದ್ದುಕೊಂಡು ನೋಡಿದೆ. ಕೊನೆಗೆ ಇಡೀ ಥಿಯೇಟರು ಕೈ ಎತ್ತಿ ಚಪ್ಪಾಳೆ ಹೊಡೆಯುವಾಗ ನಾನೊಬ್ಬಳು ಕೈ ಕಟ್ಟಿ ಕುಳಿತಿದ್ದೆ, ಮುನಿಸಿಕೊಂಡವಳ ಹಾಗೆ.

ಅಂದಿನಿಂದ ನನ್ನದೊಂದೇ ಪರೀಕ್ಷೆ. ಅದನ್ನು ಹಾಕಿಕೊಂಡು ಮೂರು ತಾಸು ಕುಳಿತುಕೊಳ್ಳಬಹುದೇ? ತಾರೆಯರ ಯಾವ ಫೋಟೊ ಬಂದರೂ ಮೊದಲು ಅದನ್ನೇ ನೋಡುತ್ತೇನೆ.

ಉದಾಹರಣೆಗೆ ಆಲಿಯಾ ಭಟ್. 2024ರಲ್ಲಿ ನ್ಯೂಯಾರ್ಕಿನ ಫ್ಯಾಷನ್ ಸಮಾರಂಭ ಮೆಟ್ ಗಾಲಾಕ್ಕೆ ವಸ್ತ್ರವಿನ್ಯಾಸಕ ಸಬ್ಯಸಾಚಿಯವರ ಸೀರೆ ಉಟ್ಟು ಹೋದರಲ್ಲ, ಹಿಂದೆ ನೆಲದ ಮೇಲೆ ಎಳೆದುಕೊಂಡು ಹೋಗುವ ಸೆರಗೇ 23 ಅಡಿ. ನಮ್ಮ ಇಳಕಲ್ ಸೀರೆಯಲ್ಲಿ ಎಂಟು ಗಜದ್ದೂ ಬರುತ್ತದೆ, ಅಂದರೆ 24 ಅಡಿ. ನಮ್ಮ ಅಜ್ಜಿ ಅಷ್ಟನ್ನೂ ಮೈಗೆ ಸುತ್ತಿ, ಕಚ್ಚೆ ಹಾಕಿ, ಹೊಲದಲ್ಲಿ ಜೋಳ ಕೊಯ್ಯುತ್ತಿದ್ದಳು. ಅಲ್ಲಿ ಅಷ್ಟು ಉದ್ದ ಬರೀ ನೆಲ ಗುಡಿಸಲಿಕ್ಕೆ. ಕಸೂತಿ ಕೆಲಸ ಮಾಡಿದ ಕೈಗಳಿಗೆ ದೊಡ್ಡ ನಮಸ್ಕಾರ, ಚೆಲುವಿನಲ್ಲೂ ಕೊರತೆಯಿಲ್ಲ. ಕುಳಿತುಕೊಳ್ಳುವ ಪರೀಕ್ಷೆಯಲ್ಲಿ ಸೊನ್ನೆ.

ನನ್ನ ಪರೀಕ್ಷೆ ನೋಡಿ ನಗಬೇಡಿ. 2025ರಲ್ಲಿ ಕಾನ್ ಚಿತ್ರೋತ್ಸವದವರೂ ಇದೇ ನಿಯಮ ತಂದರು. ಹಿಂದೆ ಉದ್ದುದ್ದ ಎಳೆಯುವ, ಬುಟ್ಟಿಯಂತೆ ಹರಡುವ ಉಡುಪು ಬೇಡ. ಜನ ನಡೆದಾಡಲು, ಥಿಯೇಟರಿನಲ್ಲಿ ಕೂರಲು ತೊಂದರೆ ಎಂದರು. ಕೊನೆಗೂ ಯಾರೋ ಒಬ್ಬರಿಗೆ ಅದು ಸಿನಿಮಾ ನೋಡುವ ಜಾಗ ಎಂದು ನೆನಪಾಯಿತು! ಆ ವರ್ಷವೇ ನಮ್ಮ ಮಂಗಳೂರಿನ ಮಗಳು ಐಶ್ವರ್ಯಾ ರೈ ಬಿಳಿ ಬನಾರಸಿ ಸೀರೆ ಉಟ್ಟು, ಬೈತಲೆಗೆ ಸಿಂಧೂರ ಇಟ್ಟು ಬಂದರು. ಹಿಂದಿನ ವರ್ಷಗಳ ಅವರ ಗೌನುಗಳನ್ನು ನಾನು ಈ ಚಾನೆಲ್‌ನಲ್ಲೇ ಉಡುಗೊರೆಯ ಪೊಟ್ಟಣ ಎಂದು ಕರೆದಿದ್ದೆ. ಆ ಸೀರೆಗೆ ಮಾತ್ರ ನೂರಕ್ಕೆ ನೂರು. ಅವ್ವ ತೊಂಬತ್ತು ಕೊಟ್ಟಳು. ಕೊರಳಿನ ಕೆಂಪು ಹರಳು ಜಾಸ್ತಿಯಾಯಿತಂತೆ.

ಅವ್ವನಿಗೆ ಯಾರನ್ನು ನೋಡಿದರೂ ಕೊನೆಗೆ ಕಲ್ಪನಾ. ‘ಶರಪಂಜರ’ದ ಕಾಲದಲ್ಲಿ ಟೇಲರಿಗೆ ಫೋಟೊ ತೋರಿಸಬೇಕಿರಲಿಲ್ಲ, ಕಲ್ಪನಾ ಕುಬಸ ಎಂದರೆ ಅವರಿಗೇ ಗೊತ್ತಾಗುತ್ತಿತ್ತು ಎನ್ನುತ್ತಾಳೆ. ಆ ಕುಬಸದಲ್ಲಿ ಕೈ ಎತ್ತಲು ಬರುತ್ತಿತ್ತೇ ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ.

ಬೇಗ ಹೇಳಿಬಿಡುತ್ತೇನೆ, ಈ ಶಾಟ್ ಇನ್ನು ಒಂದೇ ನಿಮಿಷ ಇದೆ. ಗಂಡಸರಲ್ಲಿ ರಿಷಬ್ ಶೆಟ್ಟಿಯವರ ಪಂಚೆಗೆ ನನ್ನ ಮತ. ಮೊದಮೊದಲು ಪ್ರಚಾರದ ವೇಷ ಎಂದು ಮೂಗು ಮುರಿದಿದ್ದೆ. ಆದರೆ ಪಂಚೆ ಉಟ್ಟವರು ಎಲ್ಲಿ ಬೇಕಾದರೂ ಕುಳಿತುಕೊಳ್ಳುತ್ತಾರೆ, ಬೇಕಾದರೆ ಮಡಚಿ ಕಟ್ಟಿ ಎದ್ದು ನಡೆಯುತ್ತಾರೆ. ಇನ್ನು ಇತ್ತೀಚಿನ ಸಿನಿಮಾಗಳಲ್ಲಿ ಅತಿ ಒಳ್ಳೆಯ ಉಡುಗೆ ಯಾವುದು ಎಂದರೆ, ‘ಸು ಫ್ರಮ್ ಸೋ’. 2025ರ ಜುಲೈ 25ಕ್ಕೆ ಬಂದದ್ದು. ಜೆ.ಪಿ. ತುಮಿನಾಡು ನಿರ್ದೇಶಿಸಿ ಅಶೋಕನಾಗಿ ನಟಿಸಿದ್ದಾರೆ. ಅವನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಊರಿಗೆ ಊರೇ ನಂಬುತ್ತದೆ. ಅದರಲ್ಲಿ ಯಾರ ಬಟ್ಟೆಯೂ ಸಿನಿಮಾಕ್ಕೆಂದು ಹೊಲಿದಂತೆ ಕಾಣುವುದಿಲ್ಲ. ಲುಂಗಿ, ಬಣ್ಣ ಹೋದ ಅಂಗಿ. ಆ ಸಿನಿಮಾದ ರವಿಯಣ್ಣ ಎಂಬ ಪಾತ್ರ ಲುಂಗಿ ಕಟ್ಟಿಕೊಂಡು ಬರುವ ಠೀವಿಯ ಮುಂದೆ ಯಾವ ಸೂಟೂ ಇಲ್ಲ. ಫ್ಯಾಷನ್ನಿನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ಹೊಟ್ಟೆಯುರಿ.

ಅರೆ, ನಿಲ್ಲಿ, ನಿಲ್ಲಿ. ಇಲ್ಲಿ ನೋಡಿ, ಕ್ಯಾಮೆರಾ ಹತ್ತಿರ ತಂದಿದ್ದೇನೆ. ಲೈನಿಂಗ್ ಬಿಚ್ಚಿದ ಮೇಲೆ ಒಳಗಡೆ ಎರಡೂ ಬದಿಗೆ ಎಷ್ಟು ಬಟ್ಟೆ ಇದೆ! ಟೇಪು ಇಟ್ಟಿದ್ದೇನೆ: ಒಂದೂಕಾಲು ಇಂಚು. ಖಣದ ಅಗಲವೇ ಕಡಿಮೆ, ಅಷ್ಟರಲ್ಲೂ ಇಷ್ಟು ಉಳಿಸಿ ಮಡಚಿ, ಅಂಚಿಗೆ ಕೈಹೊಲಿಗೆ ಹಾಕಿದ್ದಾರೆ. ನಾನು ಬಂದೇ ಬರುತ್ತೇನೆ ಎಂದು ಮಾಸ್ತರರಿಗೆ ಗೊತ್ತಿತ್ತು. ಇಷ್ಟು ತಿಂಗಳು ಅವರನ್ನು ಬೈದುಕೊಂಡು ಬೇರೆ ಕಡೆ ಹೊಲಿಸುತ್ತಿದ್ದೆ. ಫೋಟೊದಲ್ಲಿ ಇದ್ದದ್ದನ್ನು ಅವರು ಹೊಲಿದುಕೊಟ್ಟರು. ಆ ನಟಿಯ ಬೆನ್ನ ಹಿಂದೆ ಎಷ್ಟು ಪಿನ್ನು, ಎಷ್ಟು ಕ್ಲಿಪ್ಪು ಇದ್ದವೋ, ಅವು ಫೋಟೊದಲ್ಲಿ ಬರುವುದಿಲ್ಲ. ಗೊಂಡೆಯ ನೂರೈವತ್ತು ರೂಪಾಯಿಯನ್ನು ಮಾತ್ರ ಕ್ಷಮಿಸಿಲ್ಲ.

ಹೊಲಿಗೆ ಹಾಕಿದ್ದು ನಾನೇ, ಅವ್ವನ ಕಾಲಿನ ಮಷೀನಿನಲ್ಲಿ. ಆ ಭಾಗವನ್ನು ಓಡಿಸಿದ್ದೇನೆ, ದಾರ ಮೂರು ಸಲ ತುಂಡಾಯಿತು. ಇದೋ, ಹಾಕಿಕೊಂಡೆ. ಕೈ ಎತ್ತಿದೆ. ಮೇಲಿನ ಅಟ್ಟದ ಡಬ್ಬಿಯನ್ನೂ ಮುಟ್ಟಿದೆ. ತೋಳಿನ ಬಳಿ ಸ್ವಲ್ಪ ಸುಕ್ಕು ಇದೆ, ಇರಲಿ.

ಗೊಂಡೆಯನ್ನು ಕತ್ತರಿಸಿ ತಿಜೋರಿಯ ಕೀಲಿಗೆ ಕಟ್ಟಿದ್ದೇನೆ. ಎರಡಿತ್ತಲ್ಲ, ಇನ್ನೊಂದೆಲ್ಲಿ ಎಂದು ಕೇಳುತ್ತೀರಿ. ಎಪ್ಪತ್ತೈದು ರೂಪಾಯಿಯದು ಅಂದು ರಾತ್ರಿಯೇ ಥಿಯೇಟರಿನ ಎಚ್ ಸಾಲಿನ ಸೀಟಿನ ಸಂದಿಯಲ್ಲಿ ಉಳಿಯಿತು. ಯಾರಿಗಾದರೂ ಸಿಕ್ಕಿದ್ದರೆ ನೀಲಿ ಬಣ್ಣ, ತುದಿಯಲ್ಲಿ ಬಿಳಿ ಮಣಿ. ಅವ್ವ ಕರೆಯುತ್ತಿದ್ದಾಳೆ, ಬ್ಲೇಡು ಎಲ್ಲಿ ಎಂದು ಕೇಳುತ್ತಿದ್ದಾಳೆ. ಬರುತ್ತೇನೆ.